ಫ್ರೆಂಚ್ ಪ್ರೆಸ್ ಕಾಫಿ ಕಹಿಯೂ ಹೌದು, ನೀರೂ ಹೌದು: ಏಕೆ?

ಪ್ರಶ್ನೆ: ನಮ್ಮದು ಮೈಸೂರು. ಮೊದಲಿನಿಂದಲೂ ಹಿತ್ತಾಳೆ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಸಿ ಕಾಫಿ ಕುಡಿಯುವ ಮನೆ. ಬೆಂಗಳೂರಿನಲ್ಲಿರುವ ಮಗಳು ಈಚೆಗೆ 600 ಮಿ.ಲೀ. ಹಿಡಿಯುವ ಗಾಜಿನ ಫ್ರೆಂಚ್ ಪ್ರೆಸ್ ತಂದುಕೊಟ್ಟಿದ್ದಾಳೆ. ನಾವು ಮಾಮೂಲಾಗಿ ಕೊಳ್ಳುವ, ನೂರಕ್ಕೆ ಮೂವತ್ತು ಪಾಲು ಚಿಕೋರಿ ಬೆರೆತ ಪುಡಿಯನ್ನೇ ಎರಡು ಚಮಚ ಹಾಕಿ, ಕುದಿಯುವ ನೀರು ತುಂಬಿಸಿ, ಹತ್ತು ನಿಮಿಷ ಬಿಟ್ಟು ಒತ್ತುತ್ತೇನೆ. ಪ್ಲಂಜರ್, ಅಂದರೆ ಜಾಲರಿ ಸಿಕ್ಕಿಸಿದ ಒತ್ತುಕಡ್ಡಿ, ಇಳಿಯಬೇಕಾದರೆ ಬಹಳ ಬಲ ಹಾಕಬೇಕು. ಬಂದ ಕಾಫಿ ಕಹಿ, ಆದರೆ ನೀರು ನೀರು. ಲೋಟದ ತಳದಲ್ಲಿ ದಪ್ಪ ಗಸಿ ನಿಲ್ಲುತ್ತದೆ. ಹಾಲು ಬೆರೆಸಿದರೆ ಕಾಫಿಯ ರುಚಿಯೇ ಉಳಿಯುವುದಿಲ್ಲ. ತಪ್ಪು ಎಲ್ಲಿದೆ? ಯಜಮಾನರಿಗೆ ಕೊಲೆಸ್ಟರಾಲ್ ಸ್ವಲ್ಪ ಹೆಚ್ಚಿದೆ, ಅವರು ಈ ಕಾಫಿ ಕುಡಿಯಬಹುದೇ ಎಂಬುದನ್ನೂ ತಿಳಿಸಿ.

ಉತ್ತರ: ತಪ್ಪು ನಿಮ್ಮ ಕೈಯಲ್ಲೂ ಇಲ್ಲ, ಮಗಳು ತಂದ ಪಾತ್ರೆಯಲ್ಲೂ ಇಲ್ಲ. ಬೇರೊಂದು ಸಾಧನಕ್ಕಾಗಿ ಬೀಸಿದ ಪುಡಿಯನ್ನು, ಬೇರೊಂದು ಸಾಧನದ ಅಳತೆಯಲ್ಲಿ ಹಾಕುತ್ತಿದ್ದೀರಿ, ಅಷ್ಟೇ. "ಕಹಿ, ಆದರೆ ನೀರು ನೀರು" ಎಂದು ಬರೆದಿದ್ದೀರಲ್ಲ, ಅದು ಒಂದಕ್ಕೊಂದು ಹೊಂದದ ಮಾತಿನಂತೆ ಕಂಡರೂ ಕಾಫಿ ಕೆಟ್ಟಿರುವ ಬಗೆಯನ್ನು ಸರಿಯಾಗಿಯೇ ಹೇಳುತ್ತದೆ. ಲೋಟದಲ್ಲಿರುವ ಕಾಫಿ ಎಷ್ಟು ಗಟ್ಟಿ ಎಂಬುದು ಒಂದು ವಿಷಯ; ಪುಡಿಯಿಂದ ಎಷ್ಟು ಸಾರ ಇಳಿದಿದೆ ಎಂಬುದು ಇನ್ನೊಂದು. ಇವೆರಡನ್ನೂ ನಾವು ಸಾಮಾನ್ಯವಾಗಿ "ಸ್ಟ್ರಾಂಗ್" ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವುದರಿಂದ ಗೊಂದಲವಾಗುತ್ತದೆ.

ಹುರಿದ ಕಾಫಿ ಬೀಜದ ತೂಕದಲ್ಲಿ ನೀರಿಗೆ ಕರಗಿ ಬರಬಲ್ಲದ್ದು ಸುಮಾರು ನೂರಕ್ಕೆ ಮೂವತ್ತು ಪಾಲು ಮಾತ್ರ, ಉಳಿದದ್ದು ಚರಟ. ಆ ಮೂವತ್ತರಲ್ಲಿಯೂ ಹದಿನೆಂಟರಿಂದ ಇಪ್ಪತ್ತೆರಡು ಪಾಲು ಇಳಿದಾಗ ಕಾಫಿ ರುಚಿಯಾಗಿರುತ್ತದೆ ಎಂಬುದು 1950ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಅರ್ನೆಸ್ಟ್ ಲಾಕ್‌ಹಾರ್ಟ್ ಅವರ ಕೆಲಸದಿಂದ ರೂಢಿಗೆ ಬಂದು, ಇಂದಿಗೂ ವೃತ್ತಿಯವರು ಇಟ್ಟುಕೊಂಡಿರುವ ಅಳತೆ. ಸಾರ ಇಳಿಯುವುದಕ್ಕೂ ಒಂದು ಕ್ರಮವಿದೆ. ಹುಳಿ ಮತ್ತು ಹಣ್ಣಿನ ಪರಿಮಳ ಮೊದಲು ಬರುತ್ತವೆ, ಸಿಹಿ ಅವುಗಳ ಹಿಂದೆ ಬರುತ್ತದೆ, ಕಹಿ ಮತ್ತು ನಾಲಿಗೆ ಹಿಡಿಯುವ ಒಗರು ಕೊನೆಗೆ. ನೀವು ಹಾಕುತ್ತಿರುವ ಎರಡು ಚಮಚ ಪುಡಿ ಹೆಚ್ಚೆಂದರೆ 12 ಗ್ರಾಂ ಇರಬಹುದು, ಅದಕ್ಕೆ 600 ಮಿ.ಲೀ. ನೀರು ಎಂದರೆ ಒಂದು ಪಾಲು ಪುಡಿಗೆ ಐವತ್ತು ಪಾಲು ನೀರಾಯಿತು. ಪುಡಿ ನುಣುಪು, ನೀರು ಧಾರಾಳ, ಸಮಯ ಹತ್ತು ನಿಮಿಷ. ಹೀಗಾಗಿ ಕೊನೆಯ ಒಗರಿನವರೆಗೆ ಎಲ್ಲವೂ ಇಳಿದಿದೆ, ಇಳಿದದ್ದೆಲ್ಲ ಅಷ್ಟು ನೀರಿನಲ್ಲಿ ಹರಡಿ ತೆಳ್ಳಗಾಗಿದೆ. ಇದಕ್ಕೆ ಇನ್ನೂ ಹೆಚ್ಚು ಹೊತ್ತು ನೆನೆಸುವುದು ಮದ್ದಲ್ಲ. ಪುಡಿ ದಪ್ಪಗಾಗಬೇಕು ಮತ್ತು ಹೆಚ್ಚಾಗಬೇಕು.

ಹಿತ್ತಾಳೆ ಫಿಲ್ಟರ್‌ನಲ್ಲಿ ಸ್ವಲ್ಪವೇ ನೀರು ಅಡಕವಾಗಿ ಕುಳಿತ ಪುಡಿಯ ನಡುವೆ ತನ್ನ ಭಾರದಿಂದಲೇ ಹನಿಹನಿಯಾಗಿ ಇಳಿಯುತ್ತದೆ, ಆ ಪುಡಿಯ ಹಾಸೇ ಡಿಕಾಕ್ಷನ್ನನ್ನು ಸೋಸುತ್ತದೆ. ಪುಡಿ ದಪ್ಪಗಿದ್ದರೆ ನೀರು ನಿಲ್ಲದೆ ಜಾರಿಹೋಗುವುದರಿಂದ ಅಲ್ಲಿ ನುಣುಪು ಪುಡಿಯೇ ಬೇಕು. ಫ್ರೆಂಚ್ ಪ್ರೆಸ್‌ನಲ್ಲಿ ಪುಡಿ ಮತ್ತು ನೀರು ಮೊದಲಿನಿಂದ ಕೊನೆಯವರೆಗೆ ಒಟ್ಟಿಗೇ ನೆನೆಯುತ್ತವೆ, ಸೋಸಲು ಇರುವುದು ಲೋಹದ ಒಂದು ಜಾಲರಿ ಮಾತ್ರ. ಫಿಲ್ಟರ್ ಪುಡಿ ಆ ಜಾಲರಿಯ ಕಣ್ಣುಗಳಲ್ಲಿ ಅರ್ಧ ನುಸುಳಿ ಲೋಟಕ್ಕೆ ಬರುತ್ತದೆ, ಉಳಿದರ್ಧ ಅಲ್ಲಿಯೇ ಕಟ್ಟಿಕೊಂಡು ದಾರಿ ಮುಚ್ಚುತ್ತದೆ. ನಿಮ್ಮ ಪ್ಲಂಜರ್ ಬಿಗಿಯಾಗುತ್ತಿರುವುದು ಇದರಿಂದ. ದಯವಿಟ್ಟು ಮೈಭಾರ ಹಾಕಿ ಒತ್ತಬೇಡಿ. ಒಳಗಿನ ಬಿಸಿ ನೀರು ಅಂಚಿನಿಂದ ಒಮ್ಮೆಲೇ ಚಿಮ್ಮಿ ಕೈ ಮುಖ ಸುಟ್ಟುಕೊಂಡವರಿದ್ದಾರೆ, ಗಾಜು ಒಡೆದ ಪ್ರಸಂಗಗಳೂ ಇವೆ. ಬಿಗಿ ಎನಿಸಿದರೆ ಒಂದಂಗುಲ ಮೇಲಕ್ಕೆತ್ತಿ, ಜಾಲರಿ ಸ್ವಲ್ಪ ಬಿಡಿಸಿಕೊಂಡ ಮೇಲೆ ಮತ್ತೆ ನಿಧಾನವಾಗಿ ಇಳಿಸಬೇಕು.

ಈ ಸಾಧನದ ಚರಿತ್ರೆಯೆಲ್ಲ ಜಾಲರಿಯ ಅಂಚಿನ ಸುತ್ತಲೇ ನಡೆದಿದೆ ಎಂದರೂ ನಡೆಯುತ್ತದೆ. 1852ರಲ್ಲಿ ಪ್ಯಾರಿಸ್ಸಿನ ಮೇಯರ್ ಮತ್ತು ಡೆಲ್ಫೋರ್ಜ್ ಎಂಬಿಬ್ಬರು ಕಡ್ಡಿಗೆ ಸಿಕ್ಕಿಸಿದ ಸೋಸುತಟ್ಟೆಗೆ ಪೇಟೆಂಟ್ ಪಡೆದರು, ಆದರೆ ತಟ್ಟೆಯ ಅಂಚು ಪಾತ್ರೆಯ ಗೋಡೆಗೆ ಸರಿಯಾಗಿ ಕೂರುವಂತೆ ಮಾಡುವುದೇ ಆಗಿನ ತೊಡಕಾಗಿತ್ತು. 1929ರಲ್ಲಿ ಇಟಲಿಯ ಕಲಿಮಾನಿ ಮತ್ತು ಮೊನೆಟಾ, 1958ರಲ್ಲಿ ಫಲಿಯೆರೊ ಬೊಂಡಾನಿನಿ ಪಡೆದ ಪೇಟೆಂಟುಗಳ ನಂತರವೇ ಅದು ಈಗಿನ ರೂಪಕ್ಕೆ ಬಂದದ್ದು. ಬೊಂಡಾನಿನಿಯ ಮಾದರಿ ಫ್ರಾನ್ಸಿನಲ್ಲಿ ಕ್ಲಾರಿನೆಟ್ ವಾದ್ಯ ಮಾಡುವ ಕಾರ್ಖಾನೆಯೊಂದರಲ್ಲಿ ತಯಾರಾಗುತ್ತಿತ್ತು. ಹೆಸರು ಫ್ರೆಂಚರದಾದರೂ ಅದನ್ನು ಸರಿಪಡಿಸಿದವರಲ್ಲಿ ಇಟಲಿಯವರ ಪಾಲು ದೊಡ್ಡದು.

ಈಗ ಪುಡಿಯ ವಿಚಾರ. ನಾಲ್ಕು ಮಾತು ಹೆಚ್ಚಾಗಿ ಹೇಳಬೇಕಾದದ್ದು ಇಲ್ಲಿಯೇ, ಏಕೆಂದರೆ ಪುಡಿ ಸರಿಯಾದರೆ ಮುಕ್ಕಾಲು ಕೆಲಸ ಮುಗಿದಂತೆ. ಫಿಲ್ಟರ್ ಪುಡಿ ಚಿರೋಟಿ ರವೆಗಿಂತ ನುಣುಪಾಗಿರುತ್ತದೆ. ಪ್ರೆಸ್‌ಗೆ ಬೇಕಾದದ್ದು ಇಡ್ಲಿ ರವೆಯಷ್ಟು ದಪ್ಪ. ಬೆರಳುಗಳ ನಡುವೆ ತಿಕ್ಕಿದಾಗ ಕಾಳು ಕಾಳಾಗಿ ಸಿಗಬೇಕು, ಬೆರಳಿಗೆ ಧೂಳು ಹೆಚ್ಚು ಅಂಟಬಾರದು. ಮೈಸೂರಿನಲ್ಲಿ ಬೀಜವನ್ನು ಕಣ್ಣೆದುರೇ ಬೀಸಿಕೊಡುವ ಕಾಫಿಪುಡಿ ಅಂಗಡಿಗಳಿಗೆ ಬರವಿಲ್ಲ. ಅಲ್ಲಿ "ಚಿಕೋರಿ ಬೇಡ, ಆದಷ್ಟು ದಪ್ಪಗೆ ಬೀಸಿಕೊಡಿ" ಎಂದು ಕೇಳಿ. ಆದರೆ ಒಂದು ಎಚ್ಚರಿಕೆ ಬೇಕು: ದಿನವಿಡೀ ನುಣುಪು ಪುಡಿ ಬೀಸುವ ಯಂತ್ರದಲ್ಲಿ ಹಿಂದಿನ ಗಿರಾಕಿಯ ಚಿಕೋರಿ ಪುಡಿ ಉಳಿದಿರುತ್ತದೆ, ಆದ್ದರಿಂದ ಮೊದಲು ಬರುವ ಹಿಡಿಯಷ್ಟು ಪುಡಿಯನ್ನು ಬೇರೆ ಪೊಟ್ಟಣಕ್ಕೆ ಹಾಕಿಸಿಕೊಂಡು ಮನೆಯ ಫಿಲ್ಟರ್‌ಗೆ ಬಳಸಿಕೊಳ್ಳುವುದು ಒಳ್ಳೆಯದು.

ಬೀಜವನ್ನೇ ತಂದು ಮನೆಯಲ್ಲಿ ಬೀಸಿಕೊಂಡರೆ ಇನ್ನೂ ಉತ್ತಮ, ಏಕೆಂದರೆ ಬೀಸಿದ ಕ್ಷಣದಿಂದಲೇ ಪರಿಮಳ ಹಾರಲು ಶುರುವಾಗುತ್ತದೆ. ಎರಡು ಹಲ್ಲುಬಿಲ್ಲೆಗಳ ನಡುವೆ ಬೀಜ ನುರಿಯುವ ಕೈಗಿರಣಿಗಳು ಈಗ ಸುಲಭವಾಗಿ ಸಿಗುತ್ತವೆ. ಅಂಥದ್ದನ್ನು ಕೊಳ್ಳುವ ಮನಸ್ಸಿದ್ದರೆ, ಪ್ರೆಸ್‌ಗಿಂತ ಹೆಚ್ಚು ಹಣವನ್ನು ಗಿರಣಿಗೆ ಹಾಕುವುದು ಜಾಣತನವೆಂದು ನನ್ನ ಅಭಿಪ್ರಾಯ. ಸದ್ಯಕ್ಕೆ ಮಿಕ್ಸಿಯ ಸಣ್ಣ ಜಾರಿನಲ್ಲಿಯೂ ಕೆಲಸ ನಡೆಸಬಹುದು. ಮಿಕ್ಸಿಯ ಬ್ಲೇಡು ಬೀಜವನ್ನು ಬೀಸುವುದಿಲ್ಲ, ಕತ್ತರಿಸುತ್ತದೆ; ಅದರಿಂದ ಕೆಲವು ತುಂಡು ದಪ್ಪಗೆ ಉಳಿದು ಕೆಲವು ಧೂಳಾಗುತ್ತವೆ. ಒಂದೆರಡು ಸೆಕೆಂಡು ತಿರುಗಿಸುವುದು, ನಿಲ್ಲಿಸಿ ಜಾರನ್ನು ಅಲುಗಿಸುವುದು, ಮತ್ತೆ ತಿರುಗಿಸುವುದು, ಹೀಗೆ ಮಾಡಿ ಹಿಟ್ಟು ಜರಡಿಯಲ್ಲಿ ಜಾಲಿಸಿದರೆ ಧೂಳು ಕೆಳಗಿಳಿಯುತ್ತದೆ. ಆ ಧೂಳನ್ನು ಎಸೆಯಬೇಕಾಗಿಲ್ಲ, ಫಿಲ್ಟರ್ ಪುಡಿಯೊಂದಿಗೆ ಸೇರಿಸಿಬಿಡಿ.

ಚಿಕೋರಿಯ ಬಗ್ಗೆ ನನಗೆ ತಾತ್ಸಾರವಿಲ್ಲ. ಹಾಲು ಬೆರೆಸುವ ಫಿಲ್ಟರ್ ಕಾಫಿಗೆ ಅದು ಬಣ್ಣವನ್ನೂ ಮಂದತೆಯನ್ನೂ ಕೊಡುತ್ತದೆ, ಆ ರುಚಿಯನ್ನೇ ಕಾಫಿಯೆಂದು ಒಪ್ಪಿಕೊಂಡ ತಲೆಮಾರುಗಳಿವೆ. ಬೆರಕೆ ಪುಡಿಯಲ್ಲಿ ಕಾಫಿಯ ಪಾಲು ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದು, ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದು ನಮ್ಮ ದೇಶದ ನಿಯಮ. ಆದರೆ ಪ್ರೆಸ್‌ನಲ್ಲಿ ಅದು ಸಲ್ಲುವುದಿಲ್ಲ. ಹುರಿದ ಚಿಕೋರಿ ಬೇರಿನ ಪುಡಿ ತನ್ನ ತೂಕದ ಅರ್ಧಕ್ಕಿಂತ ಹೆಚ್ಚನ್ನು ನೀರಿಗೆ ಬಿಟ್ಟುಕೊಡುತ್ತದೆ. ಕಾಫಿ ಇನ್ನೂ ಮೆಲ್ಲನೆ ಸಾರ ಬಿಡುತ್ತಿರುವಾಗಲೇ ಚಿಕೋರಿ ಕರಗಿ, ತನ್ನ ಕಹಿಯಿಂದ ಉಳಿದ ರುಚಿಯನ್ನೆಲ್ಲ ಮುಚ್ಚಿಹಾಕುತ್ತದೆ. ಕರಗದೆ ಉಳಿದದ್ದು ಮೆತ್ತಗಾಗಿ ಜಾಲರಿಯನ್ನು ಕಟ್ಟಿಸುತ್ತದೆ. ನಿಮ್ಮ ಲೋಟದ ತಳದ ಗಸಿಯಲ್ಲಿ ಒಂದು ಪಾಲು ಇದರದ್ದೇ.

ಹಾಗಾದರೆ ಯಾವ ಬೀಜ? ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಬೆಳೆಯುವುದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿಯೇ ಆದ್ದರಿಂದ ದೂರ ಹುಡುಕಬೇಕಾಗಿಲ್ಲ. ಕಾಫಿಯ ಎರಡು ಮುಖ್ಯ ಜಾತಿಗಳಾದ ಅರೇಬಿಕಾ, ರೋಬಸ್ಟಾಗಳಲ್ಲಿ ಪ್ರೆಸ್‌ಗೆ ಅರೇಬಿಕಾ ಒಪ್ಪುತ್ತದೆ. ಅದರಲ್ಲಿಯೂ ವ್ಯಾಪಾರದಲ್ಲಿ "ಪ್ಲಾಂಟೇಶನ್" ಎಂದು ಕರೆಯುವ, ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಬೀಜವನ್ನು ಕೇಳಿ. "ಚೆರಿ" ಎಂದರೆ ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದ್ದು, ಅದರ ರುಚಿ ಮಂದ ಮತ್ತು ಒರಟು. ನಮ್ಮ ತೋಟಗಳಲ್ಲಿ ಹೆಚ್ಚಾಗಿ ಕಾಣುವ ಅರೇಬಿಕಾ ತಳಿಗಳಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ ಎಸ್. 795 ಒಂದು, ಸೌಮ್ಯ ಹುಳಿ, ತುಂಬಿದ ಮೈ ಇರುವ ಈ ತಳಿ ನೆನೆಸುವ ವಿಧಾನಕ್ಕೆ ಚೆನ್ನಾಗಿ ಒಗ್ಗುತ್ತದೆ. 2019ರಲ್ಲಿ ಭೌಗೋಳಿಕ ಸೂಚಿ ಪಡೆದ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಲ್ಲಿ ಯಾವುದನ್ನು ಕೊಂಡರೂ ಮೋಸವಿಲ್ಲ. ಮುಖ್ಯವಾದದ್ದು ಹುರಿದ ಹದ ಮತ್ತು ಹುರಿದ ದಿನಾಂಕ. ಬೀಜದ ಮೇಲೆ ಎಣ್ಣೆ ಹೊಳೆಯುವಷ್ಟು ಕಪ್ಪಗೆ ಹುರಿದಿದ್ದರೆ ಪ್ರೆಸ್‌ನಲ್ಲಿ ಸುಟ್ಟ ಕಹಿಯೇ ಮುಂದಾಗುತ್ತದೆ. ಕಂದು ಬಣ್ಣದ, ಮೇಲ್ಮೈ ಒಣಗಿರುವ ಮಧ್ಯಮ ಹುರಿತ ಸರಿ. ಹುರಿದು ನಾಲ್ಕೈದು ದಿನವಾದದ್ದರಿಂದ ತಿಂಗಳೊಳಗಿನದು ಬಳಕೆಗೆ ಒಳ್ಳೆಯದು. ಒಂದು ಸಲಕ್ಕೆ ಕಾಲು ಕಿಲೋಗಿಂತ ಹೆಚ್ಚು ತರಬೇಡಿ, ತಂದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ, ಒಲೆಯಿಂದ ದೂರವಿಡಿ.

ಅಳತೆಗೆ ಬರೋಣ. ಒಂದು ಲೀಟರ್ ನೀರಿಗೆ 60 ಗ್ರಾಂ ಪುಡಿ ಎಂಬುದು ನೆನಪಿಡಲು ಸುಲಭವಾದ ಲೆಕ್ಕ. ನಿಮ್ಮ 600 ಮಿ.ಲೀ. ಪಾತ್ರೆಯನ್ನು ಕಂಠಮಟ್ಟ ತುಂಬಿಸದೆ 500 ಮಿ.ಲೀ. ನೀರು, 30 ಗ್ರಾಂ ಪುಡಿ ಹಾಕಿ. ದಪ್ಪ ಪುಡಿಯಾದರೆ ಮಟ್ಟಸವಾದ ಊಟದ ದೊಡ್ಡ ಚಮಚದಲ್ಲಿ ಆರು ಚಮಚದ ಆಸುಪಾಸು ಬರುತ್ತದೆ. ಚಮಚದ ಲೆಕ್ಕ ಪುಡಿಯ ದಪ್ಪ ಬದಲಾದಂತೆ ಬದಲಾಗುವುದರಿಂದ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗುವುದು ವಾಸಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿಟ್ಟುಕೊಳ್ಳುತ್ತದೆ, ತಳದಲ್ಲಿ ಸ್ವಲ್ಪ ಬಿಡಬೇಕಾಗುತ್ತದೆ. ಹೀಗಾಗಿ ಕುಡಿಯಲು ಸಿಗುವುದು 400 ಮಿ.ಲೀ.ಗೆ ಸಮೀಪ. ಪೆಟ್ಟಿಗೆಯ ಮೇಲೆ "ನಾಲ್ಕು ಕಪ್", "ಎಂಟು ಕಪ್" ಎಂದು ಅಚ್ಚಾಗಿರುವುದನ್ನು ಕಂಡು ಮೋಸ ಹೋಗಬೇಡಿ. ಅಲ್ಲಿ ಕಪ್ ಎಂದರೆ 120 ಮಿ.ಲೀ. ಆಸುಪಾಸಿನ ಸಣ್ಣ ಕಪ್, ಎಂಟು ಕಪ್ಪಿನ ಪ್ರೆಸ್ ಹಿಡಿಯುವುದು ಒಂದು ಲೀಟರ್ ಮಾತ್ರ.

ನೀರಿನ ಬಿಸಿಯ ಬಗ್ಗೆ ಹೊರದೇಶದ ಕೈಪಿಡಿಗಳಲ್ಲಿ, ಕುದಿ ಬಂದ ಮೇಲೆ ಅರ್ಧ ನಿಮಿಷವೋ ಒಂದು ನಿಮಿಷವೋ ಕಾದು ಹಾಕಬೇಕೆಂದು ಬರೆದಿರುತ್ತದೆ. ಅದು ಸಮುದ್ರಮಟ್ಟದ ಊರುಗಳಿಗೆ ಹೇಳಿದ ಮಾತು. ಕಾಫಿಗೆ ಬೇಕಾದದ್ದು 92ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿ. ಎತ್ತರ 300 ಮೀಟರ್ ಹೆಚ್ಚಿದಂತೆ ನೀರು ಕುದಿಯುವ ಬಿಂದು ಹತ್ತಿರ ಹತ್ತಿರ ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ 100ಕ್ಕೆ ಕುದಿಯುವ ನೀರು ನಿಮ್ಮ ಮೈಸೂರಿನಲ್ಲಿ 97ರ ಮೇಲೆ ಸ್ವಲ್ಪದಲ್ಲಿ, ಬೆಂಗಳೂರಿನಲ್ಲಿ 97ರ ಆಸುಪಾಸಿನಲ್ಲಿ, ಮಡಿಕೇರಿಯಲ್ಲಿ 96ರಲ್ಲಿಯೇ ಕುದಿಯುತ್ತದೆ. ಗಾಜಿನ ಪಾತ್ರೆಗೆ ಸುರಿದೊಡನೆ ಇನ್ನೂ ಕೆಲವು ಡಿಗ್ರಿ ಇಳಿಯುವುದರಿಂದ, ನಮ್ಮ ಬಯಲುಸೀಮೆ ಮಲೆನಾಡುಗಳ ಮನೆಗಳಲ್ಲಿ ಕಾಯಬೇಕಾದ ಅಗತ್ಯವೇ ಇಲ್ಲ. ಕುದಿ ನಿಂತ ಕೂಡಲೇ ಸುರಿಯಿರಿ. ಮೊದಲು ಪಾತ್ರೆಯನ್ನು ಬಿಸಿನೀರಿನಿಂದ ತೊಳೆದು ಬೆಚ್ಚಗೆ ಮಾಡಿಕೊಂಡರೆ ಬಿಸಿಯೂ ಉಳಿಯುತ್ತದೆ, ಗಾಜು ಸೀಳುವ ಭಯವೂ ಕಡಿಮೆ. ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಗಡಸು ಬೋರ್‌ವೆಲ್ ನೀರು ಕಾಫಿಯ ಹುಳಿಯನ್ನು ನುಂಗಿ ರುಚಿಯನ್ನು ಮಂಕಾಗಿಸುತ್ತದೆ. ಖನಿಜವನ್ನೆಲ್ಲ ತೆಗೆದ ಆರ್‌ಒ ನೀರಿನಲ್ಲಿ ಅದೇ ಕಾಫಿ ಮೊನಚಾದ ಹುಳಿಯಾಗಿಯೋ ಪೊಳ್ಳಾಗಿಯೋ ಕಾಣುತ್ತದೆ. ಕುಡಿಯಲು ಯೋಗ್ಯವಾದ ನಲ್ಲಿ ನೀರನ್ನು ಸೋಸಿ ಬಳಸಿ, ಆರ್‌ಒ ನೀರೇ ಇದ್ದರೆ ಅದಕ್ಕೆ ಸ್ವಲ್ಪ ನಲ್ಲಿ ನೀರು ಬೆರೆಸಿ.

ಇನ್ನು ಮಾಡುವ ಬಗೆ. ಬೆಚ್ಚಗಾದ ಪಾತ್ರೆಗೆ ಪುಡಿ ಹಾಕಿ, ಎಲ್ಲ ಪುಡಿಯೂ ನೆನೆಯುವಂತೆ ನೀರನ್ನು ಒಂದೇ ಸಲಕ್ಕೆ ಸುರಿಯಿರಿ. ಬೀಜ ಹೊಸದಾಗಿದ್ದರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಬಂದು ಪುಡಿಯನ್ನು ಮೇಲಕ್ಕೆತ್ತಿ, ನೊರೆಯ ದಪ್ಪ ಕೆನೆ ಕಟ್ಟುತ್ತದೆ. ಏನೂ ಉಬ್ಬದಿದ್ದರೆ ಅಂಗಡಿಯವರು ಹಳೆಯ ಬೀಜ ಕೊಟ್ಟಿದ್ದಾರೆಂದು ತಿಳಿಯಿರಿ. ನಾಲ್ಕು ನಿಮಿಷ ಮುಟ್ಟದೆ ಬಿಟ್ಟು, ಚಮಚದಿಂದ ಆ ಕೆನೆಯನ್ನು ಒಮ್ಮೆ ಮೆಲ್ಲನೆ ಕದಡಿದರೆ ಪುಡಿಯ ಬಹುಪಾಲು ತಳಕ್ಕಿಳಿಯುತ್ತದೆ. ಮೇಲುಳಿದ ನೊರೆ ಮತ್ತು ತೇಲುವ ಚೂರುಗಳನ್ನು ಚಮಚದಿಂದ ತೆಗೆದುಹಾಕಿ.

ಇಲ್ಲಿಗೆ ಪ್ಲಂಜರ್ ಒತ್ತಿ ಬಡಿಸಿಬಿಡುವುದು ಹಳೆಯ ಪದ್ಧತಿ. ನಾನು ಒಪ್ಪುವುದು ಇನ್ನೂ ನಾಲ್ಕೈದು ನಿಮಿಷ ಕಾಯುವ ಪದ್ಧತಿಯನ್ನು. 2007ರ ವಿಶ್ವ ಬರಿಸ್ತಾ (ವೃತ್ತಿಯಿಂದ ಕಾಫಿ ತಯಾರಿಸುವವರ) ಚಾಂಪಿಯನ್ ಆಗಿದ್ದ ಲಂಡನಿನ ಜೇಮ್ಸ್ ಹಾಫ್‌ಮನ್ ಇದನ್ನು ಜಗತ್ತಿನ ಮನೆಗಳಿಗೆಲ್ಲ ಮುಟ್ಟಿಸಿದರು. ಆ ಹೊತ್ತಿನಲ್ಲಿ ಸಣ್ಣ ಕಣಗಳು ತಾವಾಗಿಯೇ ತಳ ಸೇರುತ್ತವೆ, ಕಾಫಿಯೂ ಕುಡಿಯುವ ಬಿಸಿಗೆ ಬರುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಕಹಿಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ಪುಡಿ ದಪ್ಪಗಿದ್ದು, ನೀರಿನ ಬಿಸಿ ಇಳಿಯುತ್ತ, ಪುಡಿ ತಳದಲ್ಲಿ ಅಲುಗಾಡದೆ ಕುಳಿತಿರುವಾಗ ಸಾರ ಇಳಿಯುವುದು ತೀರಾ ನಿಧಾನವಾಗುತ್ತದೆ, ಆದ್ದರಿಂದ ಅಷ್ಟರಲ್ಲಿ ಕೆಡುವುದೇನೂ ಇಲ್ಲ. ನುಣುಪು ಪುಡಿಯನ್ನು ಹತ್ತು ನಿಮಿಷ ಬಿಡುವುದಕ್ಕೂ ದಪ್ಪ ಪುಡಿಯನ್ನು ಹತ್ತು ನಿಮಿಷ ಬಿಡುವುದಕ್ಕೂ ಇರುವ ಅಂತರ ಇದೇ. ಕೊನೆಗೆ ಪ್ಲಂಜರನ್ನು ಕಾಫಿಯ ಮೇಲ್ಮೈ ಮುಟ್ಟುವವರೆಗೆ ಮಾತ್ರ ಇಳಿಸಿ, ಅದನ್ನು ಜರಡಿಯಂತೆ ಬಳಸಿ ನಿಧಾನವಾಗಿ ಬಗ್ಗಿಸಿಕೊಳ್ಳಿ. ತಳದವರೆಗೆ ಒತ್ತಿದರೆ ಕುಳಿತ ಗಸಿಯೆಲ್ಲ ಮತ್ತೆ ಎದ್ದುಬರುತ್ತದೆ. ಕೊನೆಯ ಎರಡು ಗುಟುಕಿನಷ್ಟನ್ನು ಪಾತ್ರೆಯಲ್ಲಿಯೇ ಬಿಟ್ಟುಬಿಡಿ. ಎರಡನೆಯ ಸಲಕ್ಕೆ ಬೇಕೆಂದಿದ್ದರೆ ಆಗಲೇ ಫ್ಲಾಸ್ಕಿಗೆ ಬಗ್ಗಿಸಿಡಿ, ಚರಟದ ಮೇಲೆ ಗಂಟೆಗಟ್ಟಲೆ ಇಡಬೇಡಿ.

ಮೊದಲ ದಿನವೇ ರುಚಿ ಹಿಡಿಸದಿದ್ದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಹುಳಿಯಾಗಿ, ಪೊಳ್ಳಾಗಿ ಇದ್ದರೆ ಸಾರ ಪೂರ್ತಿ ಇಳಿದಿಲ್ಲ. ಪುಡಿಯನ್ನು ಒಂದು ಹದ ಸಣ್ಣಗೆ ಮಾಡಿ. ಒಗರಾಗಿ ನಾಲಿಗೆ ಒಣಗಿಸುವಂತಿದ್ದರೆ ಇನ್ನೂ ದಪ್ಪಗೆ ಬೀಸಿ. ರುಚಿ ಸರಿಯಿದ್ದು ತೆಳ್ಳಗೆ ಮಾತ್ರ ಇದ್ದರೆ ಪುಡಿಯ ತೂಕ ಹೆಚ್ಚಿಸಿ, ಸಮಯವನ್ನು ಮುಟ್ಟಬೇಡಿ.

ಹಾಲಿನ ಪ್ರಶ್ನೆ ಸೂಕ್ಷ್ಮವಾದದ್ದು. ಮೇಲಿನ ಅಳತೆಯ ಕಾಫಿ ಹಾಲಿಲ್ಲದೆ ಕುಡಿಯಲು ಹೇಳಿದ್ದು, ಅದಕ್ಕೆ ಹಾಲು ಬೆರೆಸಿದರೆ ಮತ್ತೆ ನೀರೇ ಆಗುತ್ತದೆ. ಹಾಲು ಬೇಕೇ ಬೇಕೆಂದರೆ 250 ಮಿ.ಲೀ. ನೀರಿಗೆ 30 ಗ್ರಾಂ ಪುಡಿ ಹಾಕಿ, ಪುಡಿಯನ್ನು ಇಡ್ಲಿ ರವೆಗಿಂತ ಒಂದು ಹದ ಸಣ್ಣಗೆ ಬೀಸಿ, ಆರೇಳು ನಿಮಿಷ ನೆನೆಸಿ. ಸುಮಾರು 180 ಮಿ.ಲೀ. ಗಟ್ಟಿ ಕಾಫಿ ಸಿಗುತ್ತದೆ. ಅದಕ್ಕೆ ಸಮಪಾಲು, ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ, ನೀರು ಬೆರೆಸದ ಬಿಸಿ ಹಾಲು ಹಾಕಿಕೊಳ್ಳಬಹುದು. ಬೀಜ ಕೊಳ್ಳುವಾಗ ಅರೇಬಿಕಾದೊಂದಿಗೆ ನೂರಕ್ಕೆ ಇಪ್ಪತ್ತೈದು ಪಾಲು ತೊಳೆದ ರೋಬಸ್ಟಾ, ಅಂದರೆ ವ್ಯಾಪಾರಿಗಳು "ರೋಬಸ್ಟಾ ಪಾರ್ಚ್‌ಮೆಂಟ್" ಎನ್ನುವುದನ್ನು, ಸೇರಿಸಿಕೊಂಡರೆ ಹಾಲಿನೆದುರು ಕಾಫಿ ಸೋಲುವುದಿಲ್ಲ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಎರಡರಷ್ಟಿರುತ್ತದೆ ಎಂಬುದು ಗಮನದಲ್ಲಿರಲಿ. ಇಷ್ಟಾದರೂ ಒಂದು ಪಾಲು ಡಿಕಾಕ್ಷನ್‌ಗೆ ಎರಡು ಮೂರು ಪಾಲು ಹಾಲು ತಡೆಯುವ ನಮ್ಮ ಫಿಲ್ಟರಿನ ಗಟ್ಟಿತನವನ್ನು ಪ್ರೆಸ್‌ನಿಂದ ನಿರೀಕ್ಷಿಸಬಾರದು. ಹಿತ್ತಾಳೆ ಫಿಲ್ಟರನ್ನು ಅಟ್ಟಕ್ಕೆ ಹಾಕಬೇಡಿ. ಬೆಳಗಿನ ಹಾಲು ಕಾಫಿಗೆ ಅದಿರಲಿ, ಮಧ್ಯಾಹ್ನ ಹಾಲಿಲ್ಲದ ಒಂದು ಕಪ್ಪಿಗೆ ಪ್ರೆಸ್ ಇರಲಿ ಎಂಬುದು ನನ್ನ ಸಲಹೆ. ಪಾತ್ರೆಯೊಳಕ್ಕೇ ಹಾಲು ಸುರಿದು ಪುಡಿ ನೆನೆಸುವ ಪ್ರಯೋಗವನ್ನಂತೂ ಮಾಡಬೇಡಿ, ಜಾಲರಿಯಿಂದ ಆ ವಾಸನೆ ಬಿಡಿಸುವುದು ಕಷ್ಟ.

ನಿಮ್ಮ ಯಜಮಾನರ ವಿಚಾರ ನಿಜವಾಗಿಯೂ ಗಮನಿಸಬೇಕಾದದ್ದು. ಕಾಫಿ ಎಣ್ಣೆಯಲ್ಲಿ ಕೆಫೆಸ್ಟಾಲ್ ಮತ್ತು ಕಹ್ವಿಯಾಲ್ ಎಂಬ ಪದಾರ್ಥಗಳಿವೆ, ಇವು ರಕ್ತದಲ್ಲಿ ಎಲ್‌ಡಿಎಲ್ ಎಂಬ "ಕೆಟ್ಟ" ಕೊಲೆಸ್ಟರಾಲನ್ನು ಏರಿಸುತ್ತವೆ ಎಂಬುದು ಸ್ಥಾಪಿತವಾದ ವಿಷಯ. ಪುಡಿಯನ್ನು ನೀರಿನಲ್ಲಿ ಕುದಿಸಿ ಕುಡಿಯುವ ಉತ್ತರ ಯುರೋಪಿನ ದೇಶಗಳಲ್ಲಿ ಇದು ಮೊದಲು ಎದ್ದು ಕಂಡಿತು. ಕಾಗದದ ಫಿಲ್ಟರ್ ಈ ಎಣ್ಣೆಯ ಬಹುಪಾಲನ್ನು ಹಿಡಿದಿಡುತ್ತದೆ, ಪ್ರೆಸ್‌ನ ಲೋಹದ ಜಾಲರಿ ಹಿಡಿಯುವುದಿಲ್ಲ. ಪ್ರೆಸ್ ಕಾಫಿಯ ತುಂಬಿದ ರುಚಿಗೆ ಕಾರಣವಾದದ್ದೂ ಇದೇ ಎಣ್ಣೆಯಾದ್ದರಿಂದ ಆ ರುಚಿಯನ್ನು ಪೂರ್ತಿ ಉಳಿಸಿಕೊಂಡು ಎಣ್ಣೆಯನ್ನು ಮಾತ್ರ ತೆಗೆಯುವ ಉಪಾಯವಿಲ್ಲ. ಅವರು ದಿನಕ್ಕೆ ಹಲವು ಸಲ ಕಾಫಿ ಕುಡಿಯುವವರಾದರೆ, ಪ್ರೆಸ್‌ನಲ್ಲಿ ತಯಾರಾದ ಕಾಫಿಯನ್ನು ಶಂಕುವಿನಾಕಾರದ ಕಾಫಿ ಕಾಗದದ ಮೂಲಕ ಇನ್ನೊಮ್ಮೆ ಸೋಸಿ ಅವರಿಗೆ ಕೊಡಿ, ರುಚಿ ಸ್ವಲ್ಪ ಹಗುರವಾಗುತ್ತದೆ. ಎಷ್ಟು ಕುಡಿಯಬಹುದೆಂಬುದನ್ನು ಅವರ ರಕ್ತಪರೀಕ್ಷೆಯ ವರದಿ ಕಂಡಿರುವ ವೈದ್ಯರೇ ಹೇಳಬೇಕು.

ಕೊನೆಯದಾಗಿ, ತೊಳೆಯುವಾಗ ಪ್ಲಂಜರನ್ನು ಹಾಗೆಯೇ ನೀರಿಗೆ ಹಿಡಿದರೆ ಸಾಲದು. ತಳದ ತಿರುಪು ಬಿಚ್ಚಿ, ಜಾಲರಿಯನ್ನೂ ಅದರ ಹಿಂದುಮುಂದಿನ ಬಿಲ್ಲೆಗಳನ್ನೂ ಬೇರೆ ಬೇರೆ ಮಾಡಿ, ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ ಒಣಗಿಸಿ. ಮಡಿಕೆಗಳಲ್ಲಿ ಉಳಿದ ಎಣ್ಣೆ ಎರಡು ಮೂರು ದಿನದಲ್ಲಿ ಕಮಟು ಹಿಡಿದು ಮುಂದಿನ ಕಾಫಿಗೆಲ್ಲ ಇಳಿಯುತ್ತದೆ. ಚರಟವನ್ನು ಸಿಂಕಿಗೆ ಸುರಿದರೆ ಕೊಳವೆ ಕಟ್ಟುತ್ತದೆ, ಗಿಡಗಳ ಗೊಬ್ಬರದ ಗುಂಡಿಗೆ ಹಾಕಿ. ಇದುವರೆಗೆ ಬಲ ಹಾಕಿ ಒತ್ತಿರುವುದರಿಂದ ನಿಮ್ಮ ಜಾಲರಿಯ ಅಂಚು ಬಾಗಿರುವ ಸಾಧ್ಯತೆಯಿದೆ. ಬೆಳಕಿಗೆ ಹಿಡಿದು ನೋಡಿ. ಅಂಚು ಒಂದೇ ಸಮನಾಗಿಲ್ಲದಿದ್ದರೆ ಪುಡಿ ಎಷ್ಟೇ ದಪ್ಪಗಿದ್ದರೂ ಬದಿಯಿಂದ ನುಸುಳುತ್ತದೆ. ಜಾಲರಿ ಮಾತ್ರ ಬಿಡಿಯಾಗಿ ಸಿಗುತ್ತದೆ, ಪಾತ್ರೆಯ ಒಳ ಅಳತೆ ನೋಡಿಕೊಂಡು ಅದೊಂದನ್ನು ಬದಲಿಸಿದರೆ ಸಾಕು.